ಇನ್ನೂರು ನಮೂನೆ ಹೊಲಿಗೆಯ ಭಾವ

ಮಂಗಳೂರಿನಲ್ಲೂ ಕೌದಿ ಹೊಲಿಯುವವರಿದ್ದಾರೆ ಎಂದರೆ ಘಟ್ಟದ ಮೇಲಿನವರಿಗೆ ನಗು. ನಗಲಿ ಬಿಡಿ. ಏಪ್ರಿಲ್‌ನಲ್ಲಿ ಮೈಮೇಲಿನ ಬನಿಯನ್ನೂ ಭಾರವಾಗುವ ಊರು ಇದು. ಫ್ಯಾನನ್ನು ಐದಕ್ಕೆ ತಿರುಗಿಸಿ, ಹಾಸಿಗೆ ಬಿಟ್ಟು ಬರಿ ನೆಲದಲ್ಲಿ ಹೊರಳುವ ಜನಕ್ಕೆ ಮೂರು ಪದರದ ಹೊದಿಕೆ ಯಾಕೆ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈಗ ಮನೆಮನೆಗೂ ಎ.ಸಿ. ಬಂದಿದೆ ಮಾರಾಯ್ರೆ. ಅದನ್ನು 18ಕ್ಕೆ ಇಟ್ಟು, ಮೂಗಿನ ತನಕ ಕೌದಿ ಎಳೆದುಕೊಂಡು ಮಲಗುವುದೇ ಸುಖ ಎಂದು ನಮ್ಮ ಗಂಡಸರು ಕಂಡುಕೊಂಡು ಆಗಿದೆ. ಚಳಿಯನ್ನು ಕರೆಂಟು ಕಂಪೆನಿ ಮೆಸ್ಕಾಂ ಕೊಡುತ್ತದೆ, ಬಿಸಿಯನ್ನು ಹೆಂಡತಿ ಹೊಲಿದು ಕೊಡುತ್ತಾಳೆ. ಇನ್ನು ಜೂನ್ ಹಿಡಿದು ನಾಲ್ಕು ತಿಂಗಳು ಮಳೆ ಹೊಡೆಯುವಾಗ ಬಾಣಂತಿ ಕೋಣೆಗೆ, ತೊಟ್ಟಿಲಿಗೆ ಹಳೆ ಸೀರೆಯ ಮೆತ್ತನೆ ಹೊದಿಕೆ ಬೇಕೇ ಬೇಕು. ಅದು ಎ.ಸಿ. ಬರುವ ಮೊದಲೂ ಇದ್ದದ್ದೇ.

ನನ್ನ ಅಕ್ಕ ಹೊಲಿಯುವುದು ಅಂಥದ್ದನ್ನು. ಯೂಟ್ಯೂಬ್ ನೋಡಲು ಕಲಿತ ಮೇಲೆ ಅವಳು ಅದನ್ನು ಕ್ವಿಲ್ಟ್ ಎನ್ನುತ್ತಾಳೆ. ಬಟ್ಟೆ ಅದೇ, ಕೈ ಅದೇ, ಗತ್ತು ಸ್ವಲ್ಪ ಜಾಸ್ತಿ. ಅವಳಿಗೆ ಅರುವತ್ತು ತುಂಬಲು ಒಂದು ತಿಂಗಳಿತ್ತು. ಭಾವನಿಗೆ ಒಂದೇ ಹಟ: ಒಂದು ಒಳ್ಳೆ ಹೊಲಿಗೆ ಮೆಷಿನ್ ಕೊಡಬೇಕು, ಅದೂ ಅವಳಿಗೆ ಗೊತ್ತಾಗದ ಹಾಗೆ. ಗೊತ್ತಾಗದ ಹಾಗೆ ಎಂಬಲ್ಲಿಂದಲೇ ಕಷ್ಟ ಶುರುವಾದದ್ದು.

ಭಾವ ಬ್ಯಾಂಕಿನವರು. ಈ ಊರಿನ ಭಾವಂದಿರಲ್ಲಿ ಅರ್ಧಕ್ಕರ್ಧ ಜನ ಬ್ಯಾಂಕಿನವರೇ ಆಗಿದ್ದ ಕಾಲವೊಂದಿತ್ತು. ಕೆನರಾ 1906ರಲ್ಲಿ, ಕರ್ಣಾಟಕ 1924ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಇಲ್ಲಿಯೇ. ಕಾರ್ಪೊರೇಶನ್ನೂ ಸಿಂಡಿಕೇಟೂ ಪಕ್ಕದ ಉಡುಪಿಯವು. 2019ರಲ್ಲಿ ವಿಜಯಾವನ್ನು ಬರೋಡಾಕ್ಕೆ, ಮರುವರ್ಷ ಕಾರ್ಪೊರೇಶನ್ನನ್ನು ಯೂನಿಯನ್ನಿಗೆ, ಸಿಂಡಿಕೇಟನ್ನು ಕೆನರಾಕ್ಕೆ ದೆಹಲಿಯವರು ಹಚ್ಚಿ ಹೊಲಿದಾಗ ಭಾವ ಪೇಪರ್ ಮಡಚಿಟ್ಟು, "ಇದು ನಿನ್ನ ಅಕ್ಕನ ಕೌದಿಯ ಹಾಗೇ ಆಯ್ತು ಮಾರಾಯ, ಯಾವ ತುಂಡು ಯಾರದ್ದು ಅಂತ ಗುರ್ತ ಸಿಕ್ಕುದಿಲ್ಲ" ಎಂದಿದ್ದರು. 1980ರ ದಶಕದಲ್ಲಿ ನಮ್ಮ ಎಂಪಿ ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಹಣಕಾಸು ರಾಜ್ಯ ಮಂತ್ರಿಯಾಗಿ ಸಾಲಮೇಳಗಳ ಭರಾಟೆ ಎಬ್ಬಿಸಿದ್ದರಲ್ಲ, ಆಗ ಶಾಮಿಯಾನದ ಅಡಿಯಲ್ಲಿ ಕಂದು ಬಣ್ಣದ ಸಫಾರಿ ಸೂಟು ಹಾಕಿ ಕೂತವರಲ್ಲಿ ಭಾವನೂ ಒಬ್ಬರು. ಎಮ್ಮೆಗೆ, ತಳ್ಳುಗಾಡಿಗೆ, ಹೊಲಿಗೆ ಮೆಷಿನ್ನಿಗೆ ಲೆಕ್ಕವಿಲ್ಲದಷ್ಟು ಸಹಿ ಹಾಕಿದ್ದಾರೆ. ಮೆಷಿನ್ ಒಂದನ್ನೂ ಮುಟ್ಟಿದವರಲ್ಲ. ಎಮ್ಮೆಯನ್ನೂ ಮುಟ್ಟಿಲ್ಲ, ಅದು ಬೇರೆ ಮಾತು.

ಹೀಗಾಗಿ ಅವರು ನನ್ನ ಮನೆಗೆ ಬಂದದ್ದು ಎಕ್ಸೆಲ್ ಶೀಟು ಹಿಡಿದುಕೊಂಡು.

"ನೋಡು. ಇದರಲ್ಲಿ 21 ನಮೂನೆ ಹೊಲಿಗೆ ಉಂಟು. ಇದರಲ್ಲಿ 60. ಇದರಲ್ಲಿ 200. ಬೆಲೆಯನ್ನು ಹೊಲಿಗೆಯಿಂದ ಭಾಗಿಸಿದ್ದೇನೆ. ಇನ್ನೂರರದ್ದೇ ಚೀಪ್."

"ಅಕ್ಕನಿಗೆ ಎಷ್ಟು ಬೇಕು ಭಾವ?"

"ಎಲ್ಲ ಬೇಕಾಗ್ಲಿಕ್ಕಿಲ್ಲ. ಆದ್ರೂ ಇದ್ರೆ ಒಳ್ಳೇದಲ್ವ?"

ಅವಳಿಗೆ ಬೇಕಾದದ್ದು ಒಂದು. ನೇರ ಹೊಲಿಗೆ. ಮೇಲೆ ಹೂವು, ಎಲೆ ಅಂಟಿಸಿ ಹೊಲಿಯುವ ಉಮೇದು ಬಂದರೆ ಜಿಗ್‌ಜಾಗ್, ಅಂದರೆ ಎರಡಾಯಿತು. ಉಳಿದ 198ರಲ್ಲಿ ಬಾತುಕೋಳಿ ಸಾಲು ಇರುತ್ತದೆ, ಹೃದಯದ ಸಾಲು ಇರುತ್ತದೆ, ಇಂಗ್ಲಿಷ್ ಅಕ್ಷರಮಾಲೆ ಇರುತ್ತದೆ. ಅರುವತ್ತು ವರ್ಷದ ಹೆಂಗಸು ಮೊಮ್ಮಗುವಿನ ಹೊದಿಕೆಯ ಅಂಚಿಗೆ ಒಂದು ಸಲ ಬಾತುಕೋಳಿ ಬಿಟ್ಟಾಳು. ಆಮೇಲೆ ಆ ಬಾತುಕೋಳಿಗಳು ಆ ಪೆಟ್ಟಿಗೆಯಲ್ಲೇ ಮುದಿಯಾಗಬೇಕು.

ಕೌದಿಯ ಕಷ್ಟ ಬೇರೆ ಕಡೆ ಇದೆ. ತುಂಡು ಜೋಡಿಸಿದ ಒಂದು ಮೇಲ್ಪದರ, ನಡುವೆ ಹತ್ತಿಯದೋ ಹಳೆ ಬಟ್ಟೆಯದೋ ಮೆತ್ತೆ, ಅಡಿಗೆ ಒಂದು ಪದರ. ನಾಲ್ಕು ತುಂಡು ಕೂಡುವ ಮೂಲೆಗೆ ಬಂದಾಗ ಮೂರು ಪದರ ಹೋಗಿ ಎಂಟೋ ಹತ್ತೋ ಆಗುತ್ತದೆ. ಮೆಷಿನ್ ಬಟ್ಟೆಯನ್ನು ಎಳೆಯುವುದು ಅಡಿಯ ಹಲ್ಲಿನಿಂದ. ಮೇಲಿನ ಪಾದದ ಕೆಲಸ ಒತ್ತಿ ಹಿಡಿಯುವುದು ಮಾತ್ರ. ಹಾಗಾಗಿ ಕೆಳಗಿನ ಪದರ ಮುಂದೆ ಓಡುತ್ತದೆ, ಮೇಲಿನದ್ದು ತಡೆದು ನಿಲ್ಲುತ್ತದೆ. ಒಂದು ಗಜ ಹೊಲಿಯುವುದರೊಳಗೆ ಎರಡೂ ಅಂಚು ತಪ್ಪಿ, ನಡುವೆ ನೆರಿಗೆ ಬಿದ್ದಿರುತ್ತದೆ. ಇದಕ್ಕೆ ಮದ್ದು ವಾಕಿಂಗ್ ಫುಟ್ ಎಂಬ ಒಂದು ದಪ್ಪ ಪಾದ. ಅದಕ್ಕೂ ಹಲ್ಲುಂಟು. ಮೇಲಿನ ಪದರವನ್ನೂ ಹಿಡಿದು ಕೆಳಗಿನದ್ದರ ಜೊತೆಜೊತೆಗೆ ನಡೆಸುತ್ತದೆ. ಸುತ್ತು ಸುತ್ತು ಬಳ್ಳಿಯ ಹಾಗೆ ಹೊಲಿಯಬೇಕಾದರೆ ಉಪಾಯ ಉಲ್ಟಾ: ಅಡಿಯ ಹಲ್ಲನ್ನು ಪೂರ್ತಿ ಇಳಿಸಿಬಿಡಬೇಕು, ಬಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು. ಹಲ್ಲು ಇಳಿಯದ ಮೆಷಿನ್ ಆದರೆ ಅದನ್ನು ಮುಚ್ಚುವ ತಟ್ಟೆಯಾದರೂ ಬೇಕು.

ಮತ್ತೊಂದು, ಸೂಜಿಯಿಂದ ಬಲಗಡೆಯ ಕಂಬದ ತನಕ ಎಷ್ಟು ಜಾಗ ಉಂಟು ಎಂಬುದು. ಮನೆಬಳಕೆಯ ಸಾಮಾನ್ಯ ಮೆಷಿನ್ನುಗಳಲ್ಲಿ ಅದು ಆರೇಳು ಇಂಚು. ಬ್ಲೌಸ್ ಹೊಲಿಯುವವರಿಗೆ ಅದು ಧಾರಾಳ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಯ ನಟ್ಟನಡುವೆ ಹೊಲಿಗೆ ಹಾಕಬೇಕೆಂದರೆ ಅರ್ಧ ಕೌದಿ ಸುರುಳಿ ಸುತ್ತಿಕೊಂಡು ಅಷ್ಟೇ ಜಾಗದಲ್ಲಿ ನುಸುಳಬೇಕು, ಇನ್ನರ್ಧ ಎಡಗಡೆ ಮೇಜಿನಿಂದ ಜಾರಿ ಬೀಳದ ಹಾಗೆ ಯಾರಾದರೂ ಹಿಡಿಯಬೇಕು. ಪಾದ ಎಷ್ಟು ಎತ್ತರ ಏಳುತ್ತದೆ, 16ನೇ ನಂಬರಿನ ದಪ್ಪ ಸೂಜಿ ಹಾಕಿ ಹತ್ತು ಪದರ ಚುಚ್ಚುವಾಗ ಮೋಟಾರು ಮುಲುಗುತ್ತದೋ ಎಂಬುದೂ ನೋಡಬೇಕಾದ್ದೇ. ಭಾವನ ಎಕ್ಸೆಲ್ಲಿನಲ್ಲಿ ಇದಕ್ಕೆ ಯಾವುದಕ್ಕೂ ಕಾಲಮ್ ಇರಲಿಲ್ಲ. ಮೆಷಿನ್ನಿನ ಬಣ್ಣಕ್ಕೆ ಇತ್ತು.

ಅವರನ್ನೇ ಬೈದು ಏನು ಮಾಡುವುದು? ಕೊಡುವವರ ಕಣ್ಣು ಯಾವಾಗಲೂ ಪೆಟ್ಟಿಗೆಯ ಮೇಲಿನ ಅಕ್ಷರದ ಮೇಲೆ. ನಮ್ಮ ಜಿಲ್ಲೆಯ ಪೇಪರುಗಳಲ್ಲಿ ಹೊಲಿಗೆ ಯಂತ್ರ ವಿತರಣೆಯ ಫೋಟೋ ಬರುತ್ತದಲ್ಲ, ನೋಡಿ. ಒಂದು ಮೆಷಿನ್ನು, ಅದನ್ನು ಮುಟ್ಟಿಕೊಂಡು ಎಂಟು ಮಂದಿ ಗಣ್ಯರು, ತೆಗೆದುಕೊಂಡವಳು ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತಾಳೆ. "ನಿನಗೆ ಯಾವ ನಮೂನೆಯದ್ದು ಬೇಕಮ್ಮ" ಎಂದು ಆ ಎಂಟು ಮಂದಿಯಲ್ಲಿ ಒಬ್ಬರಾದರೂ ಕೇಳಿದ್ದರೆ ನಾನು ಈ ಹರಟೆ ಬರೆಯುತ್ತಿರಲಿಲ್ಲ. ಭಾವನ ಯೋಚನೆಯಲ್ಲೂ ರಿಬ್ಬನ್ನು, ಕೇಕು, ಫೋಟೋ ಎಲ್ಲ ಇತ್ತು.

ಅವರ ಉತ್ಸಾಹಕ್ಕೆ ಇನ್ನಷ್ಟು ಎಣ್ಣೆ ಹೊಯ್ದದ್ದು ಗಾಂಧೀಜಿ. 1924ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದ ಒಂದು ಸಂಭಾಷಣೆಯಲ್ಲಿ, ಯಂತ್ರಗಳೆಂದರೆ ಮುಖ ತಿರುಗಿಸುವ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಪ್ರೀತಿಯಿಂದ ಮಾಡಿದ ಎಂಬ ಕಥೆ ಅವರ ಮನಸ್ಸಿಗೆ ಹಿಡಿಸಿತ್ತು. ಭಾವ ಇದನ್ನು ಎಲ್ಲಿಯೋ ಓದಿ ಬಂದು, ಕನ್ನಡಕ ಒರೆಸಿಕೊಳ್ಳುತ್ತಾ ನನಗೆ ಹೇಳಿದರು. ಹುಟ್ಟುಹಬ್ಬದ ದಿನ ಭಾಷಣದಲ್ಲಿ ಹೇಳುವ ಇರಾದೆಯಂತೆ.

"ಹೇಳಬೇಡಿ ಭಾವ," ಎಂದೆ. "ಐಸಾಕ್ ಸಿಂಗರ್ ನಾಟಕ ಆಡಿಕೊಂಡಿದ್ದವ. ಒಂದಕ್ಕಿಂತ ಹೆಚ್ಚು ಸಂಸಾರ. ಮಕ್ಕಳೇ 20ಕ್ಕಿಂತ ಜಾಸ್ತಿ."

ಭಾವನ ಕನ್ನಡಕ ಮೂಗಿಗೆ ಬಂತು. ಪಾಪ, ಗಾಂಧೀಜಿಗೆ ಯಾರೋ ಒಳ್ಳೆಯ ಅರ್ಧ ಮಾತ್ರ ಹೇಳಿರಬೇಕು. ಸೂಜಿಯ ಕಣ್ಣು ತುದಿಯಲ್ಲಿಟ್ಟು, ಮೇಲೊಂದು ಕೆಳಗೊಂದು ನೂಲು ಸೇರಿಸಿ ಬಿಗಿಯುವ ಹೊಲಿಗೆಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ತೆಗೆದಿದ್ದ. ಸಿಂಗರನ ಪೇಟೆಂಟ್ 1851ರದ್ದು. ಕೋರ್ಟಿಗೆ ಅಲೆದು ಕೊನೆಗೆ ಹೋವ್‌ಗೆ ರಾಯಲ್ಟಿ ಕಟ್ಟಬೇಕಾಯಿತು. ಸಿಂಗರ್ ಕಂಪೆನಿಯ ನಿಜವಾದ ಕೈಚಳಕ ಬೇರೆ ಇತ್ತು. 1856ರ ಹೊತ್ತಿಗೆ ಅವರು ಮೆಷಿನ್ನನ್ನು ಕಂತಿನಲ್ಲಿ ಮಾರಲು ಶುರು ಮಾಡಿದರು. ಇದನ್ನು ಹೇಳಿದಾಗ ಭಾವನ ಮುಖಕ್ಕೆ ಮತ್ತೆ ಕಳೆ ಬಂತು. "ಕಂತು ಕಟ್ಟುತ್ತಿದ್ದರೋ?" ಎಂದು ಕೇಳಿದರು. ಮಕ್ಕಳ ವಿಷಯವನ್ನು ಆಮೇಲೆ ಅವರು ಎತ್ತಲಿಲ್ಲ.

ಇದೇ ಹುರುಪಿನಲ್ಲಿ ನಾನು ಉತ್ತರ ಕನ್ನಡದ ಸಿದ್ದಿ ಹೆಂಗಸರ ಸುದ್ದಿ ತೆಗೆದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಹೊಲಿಯುವ ಕವಂದಿ ದೇಶದಾಚೆಯ ಪ್ರದರ್ಶನಗಳಿಗೂ ಹೋಗಿ ಬಂದಿದೆ. ಮೊದಲೇ ತುಂಡು ಜೋಡಿಸಿಕೊಳ್ಳುವ ಗೋಜಿಲ್ಲ. ಒಂದು ಮೂಲೆಯಿಂದ ಹಿಡಿದು, ತುಂಡು ಇಟ್ಟುಕೊಂಡು ಹೊಲಿದುಕೊಂಡು ಅಂಚಿನುದ್ದಕ್ಕೂ ಸುತ್ತು ಬಂದು, ಸುತ್ತು ಕಿರಿದಾಗುತ್ತಾ ನಡುವಿಗೆ ಮುಟ್ಟುತ್ತಾರೆ. ನಾಲ್ಕು ಮೂಲೆಗೆ ಬಣ್ಣದ ಬಟ್ಟೆ ಮಡಚಿ ಇಡುವ 'ಫುಲಾ' ಎಂಬ ಹೂವು ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಬೆತ್ತಲೆ. ಅಷ್ಟೂ ಕೈಹೊಲಿಗೆ, ಮೆಷಿನ್ನಿನ ಮಾತೇ ಇಲ್ಲ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲ ಕೇಳಿದರು: "ಹಾಗಾದ್ರೆ ಒಂದು ಪ್ಯಾಕೆಟ್ ಒಳ್ಳೆ ಸೂಜಿ ಕೊಟ್ರೆ ಆಗ್ಲಿಕ್ಕಿಲ್ವ?"

ಬ್ಯಾಂಕಿನವರ ಮುಂದೆ ಕಡಿಮೆ ಖರ್ಚಿನ ಉದಾಹರಣೆ ಕೊಡಬಾರದು.

ಅವರನ್ನು ಪುನಃ ದಾರಿಗೆ ತರಲು ಅಮೆರಿಕಕ್ಕೆ ಹೋಗಬೇಕಾಯಿತು. ಅಲ್ಲಿಯ ಕ್ವಿಲ್ಟ್ ಹೊಲಿಯುವ ಹೆಂಗಸರು 1933ರಲ್ಲಿ ಪೇಟೆಗೆ ಬಂದ ಸಿಂಗರ್ ಫೆದರ್‌ವೇಟ್ ಎಂಬ ಪುಟ್ಟ ಕಪ್ಪು ಮೆಷಿನ್ನನ್ನು ಇವತ್ತಿಗೂ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಸುಮಾರು ಐದು ಕೆಜಿ ಭಾರ. ನೇರ ಹೊಲಿಗೆ ಬಿಟ್ಟು ಬೇರೆ ಏನೂ ಬರುವುದಿಲ್ಲ. ಆ ಒಂದು ಹೊಲಿಗೆ ಮಾತ್ರ ಗೆರೆ ಎಳೆದ ಹಾಗೆ ಬೀಳುತ್ತದೆ. ಇನ್ನೂರರ ಮೋಹದವರು ಇದನ್ನು ನೆನೆದರೆ ಒಳ್ಳೆಯದು. ಆದರೆ ನೆನೆದ ಕೂಡಲೇ ಅಲ್ಲಿಂದ ತರಿಸಲು ಹೊರಡಬಾರದು. ನಮ್ಮ ದೊಡ್ಡಮ್ಮನಿಗೆ ಮಗ ಅಮೆರಿಕದಿಂದ ಒಂದು ಮೆಷಿನ್ ತಂದುಕೊಟ್ಟಿದ್ದ. ಅಲ್ಲಿಯ ಗೋಡೆಯಲ್ಲಿ 120 ವೋಲ್ಟ್, ನಮ್ಮ ಗೋಡೆಯಲ್ಲಿ 230. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡಬೇಕೆಂದು ಮಗ ಹೇಳಿದ್ದನಂತೆ. ದೊಡ್ಡಮ್ಮ ಪ್ಲಗ್ಗಿಗೆ ಒಂದು ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದರು. ಗಣಹೋಮದ ಹೊಗೆ ಎಂದು ನೆರೆಮನೆಯವರು ಪ್ರಸಾದಕ್ಕೆ ಬಂದದ್ದು ಅತಿಶಯೋಕ್ತಿ ಇರಬಹುದು. ಮೋಟಾರು ಹೋದದ್ದು ನಿಜ. ಗಲ್ಫಿನ ಮೆಷಿನ್ನಿಗೆ ಈ ಕಾಟವಿಲ್ಲ, ದುಬೈಯ ವೋಲ್ಟೇಜೂ ನಮ್ಮದರ ಹತ್ತಿರವೇ. ಬಾಬಿನ್ ಕೇಸ್ ಮುರಿದ ದಿನ ಮಾತ್ರ ಅಳಿಯ ಯಾವಾಗ ರಜೆಯಲ್ಲಿ ಬರುತ್ತಾನೆ ಎಂದು ಕ್ಯಾಲೆಂಡರ್ ನೋಡಬೇಕು.

ಅದಕ್ಕೇ ನಾನು ಹೇಳುವುದು, ಮೆಷಿನ್ ಹುಡುಕುವ ಮೊದಲು ಮೆಕ್ಯಾನಿಕನನ್ನು ಹುಡುಕಿ. ಇದು ಕಡಲ ಬದಿಯ ಊರು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಸೂಜಿಗೆ ಎರಡು ವಾರದಲ್ಲಿ ತುಕ್ಕು ಹಿಡಿದು ಬಿಳಿ ಬಟ್ಟೆಯಲ್ಲಿ ಕಂದು ಚುಕ್ಕೆ ಇಡುತ್ತದೆ. ಮಳೆ ಬರುವ ಮೊದಲು ಒಂದು ಸುತ್ತು, ಹೋದ ಮೇಲೆ ಒಂದು ಸುತ್ತು ಸಿಡಿಲು ಬೇರೆ. ದೂರದಲ್ಲಿ ಗುಡುಗಿದರೆ ಸಾಕು, ಟಿ.ವಿ. ಪ್ಲಗ್ಗು, ವೈಫೈ ಪ್ಲಗ್ಗು ಕೀಳಲು ಮನೆಯವರೆಲ್ಲ ಓಡುತ್ತಾರೆ. ಅದರ ಜೊತೆ ಕಂಪ್ಯೂಟರ್ ಇರುವ ಮೆಷಿನ್ನಿಗೂ ಒಬ್ಬರು ಓಡಬೇಕು. ಅದರ ಬೋರ್ಡು ಸುಟ್ಟರೆ ಪೆಟ್ಟಿಗೆ ಕಟ್ಟಿ ಬೆಂಗಳೂರಿಗೆ ಕಳಿಸು ಎನ್ನುತ್ತಾರೆ. ಅಕ್ಕನ ಹಳೆಯ ಕಾಲಿನ ಮೆಷಿನ್ನು ಉಂಟಲ್ಲ, ಅಮ್ಮ ಮದುವೆಗೆ ಕೊಟ್ಟ ಉಷಾ, ಅದಕ್ಕೆ ಮೆಸ್ಕಾಂ ಯಾರೆಂದೇ ಗೊತ್ತಿಲ್ಲ. ಕರೆಂಟು ಹೋದಾಗ ಕಿಟಕಿಯ ಹತ್ತಿರ ಎಳೆದು ಕೂತರಾಯಿತು. ಏನಾದರೂ ತಕರಾರು ಮಾಡಿದರೆ ರೆಕ್ಸಿನ್ ಚೀಲ ಹಿಡಿದು ಸ್ಕೂಟರಿನಲ್ಲಿ ಬರುವ ಅಜ್ಜ ಒಬ್ಬರಿದ್ದಾರೆ. ಬಂದು, ಚಕ್ರವನ್ನು ಕೈಯಲ್ಲಿ ಎರಡು ಸಲ ತಿರುಗಿಸಿ, ಸದ್ದು ಕೇಳಿ, "ಎಣ್ಣೆ ಬಿಡ್ಲಿಲ್ಲ ಅಲ್ವ?" ಎಂದು ಗದರಿ, ಚಹಾ ಕುಡಿದು ಹೋಗುತ್ತಾರೆ. ಅಂಥ ಅಜ್ಜ ಹೊಸ ಮೆಷಿನ್ನಿನ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಇಷ್ಟೆಲ್ಲ ನಾನು ಹೇಳಿ ಮುಗಿಸುವ ಹೊತ್ತಿಗೆ ಗುಟ್ಟು ಒಡೆದಾಗಿತ್ತು. ಒಡೆದದ್ದು ನಾನಲ್ಲ. ಮನೆಯ ಟ್ಯಾಬ್ಲೆಟ್ಟಿನಲ್ಲಿ ಭಾವ ರಾತ್ರಿಯೆಲ್ಲ ಮೆಷಿನ್ ಹುಡುಕಿದ್ದರು. ಬೆಳಿಗ್ಗೆ ಅಕ್ಕ ಅದೇ ಟ್ಯಾಬ್ಲೆಟ್ಟಿನಲ್ಲಿ ನೀರುದೋಸೆಯ ವಿಡಿಯೋ ತೆಗೆದರೆ ನಡುನಡುವೆ ಹೊಲಿಗೆ ಮೆಷಿನ್ನಿನದ್ದೇ ಜಾಹೀರಾತು. ನಾಲ್ಕನೆಯದಕ್ಕೆ ಅವಳಿಗೆ ಅರ್ಥವಾಯಿತು. ಅಡುಗೆ ಮನೆಯಿಂದಲೇ ಕೇಳಿದಳು: "ಹೋಯ್, ಯಾರಿಗೆ ಮೆಷಿನ್ನು?"

ದೇವರು ದೊಡ್ಡವನು.

ಮಾರನೇ ದಿನ ಮೂವರೂ ಹಂಪನಕಟ್ಟೆಯ ಮೆಷಿನ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಚುರುಕು. ಅಂಗೈ ಅಗಲದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ತುಂಡಿನ ಮೇಲೆ ಸರಸರ ಬಾತುಕೋಳಿ ಬಿಟ್ಟು ತೋರಿಸಿದ. ಆ ಗಂಜಿ ತುಂಡಿನ ಮೇಲೆ ಲೋಕದ ಯಾವ ಮೆಷಿನ್ನೂ ಚೆನ್ನಾಗಿಯೇ ಹೊಲಿಯುತ್ತದೆ. ಭಾವ ಮುಗ್ಧರಾಗಿ ತಲೆಯಾಡಿಸಿದರು. ಅಕ್ಕ ತನ್ನ ಬಟ್ಟೆಚೀಲದಿಂದ ಒಂದು ಗಂಟು ತೆಗೆದಳು. ಒಂದು ಮೆತ್ತೆ, ಮೂಲೆ ಕೂಡಿದ ನಾಲ್ಕು ತುಂಡು, ಒಗೆದು ಒಗೆದು ಮೆತ್ತಗಾದ ಹಳೆ ಉಡುಪಿ ಸೀರೆಯ ತುಂಡೊಂದು, ಜಾರುವ ಪಾಲಿಯೆಸ್ಟರ್ ಒಂದು, ಮೊಮ್ಮಗನ ಜೀನ್ಸ್ ಪ್ಯಾಂಟಿನ ಮಡಿಕೆ ಒಂದು.

"ಇದನ್ನು ಹೊಲಿದು ತೋರಿಸು ಮಗಾ."

"ಆಂಟಿ, ಇದು ಡೆಮೋ ಪೀಸ್ ಮೇಲೆ..."

"ನಾನು ಡೆಮೋ ಪೀಸ್ ಹೊದೆದು ಮಲಗುದಿಲ್ಲ."

ಹುಡುಗನನ್ನು ಎಬ್ಬಿಸಿ ಅವಳೇ ಕೂತಳು. ಇನ್ನೂರರ ಮೆಷಿನ್ ಜೀನ್ಸಿನ ಮಡಿಕೆಗೆ ಬಂದು ನಿಂತು, ಕಿರ್ರ್ ಎಂದು, ಸ್ಕ್ರೀನಿನಲ್ಲಿ ಏನೋ ಒಂದು ಇಂಗ್ಲಿಷ್ ಸಂದೇಶ ಕೊಟ್ಟಿತು. ಅಕ್ಕ ಅದನ್ನು ಓದುವ ಗೊಡವೆಗೆ ಹೋಗಲಿಲ್ಲ. ಮೂಲೆಯಲ್ಲಿದ್ದ, ಹೊಲಿಗೆ ಹತ್ತು ಹನ್ನೆರಡು ನಮೂನೆಯದ್ದಷ್ಟೇ ಇದ್ದ ಒಂದು ಸಪ್ಪೆ ಬಿಳಿ ಮೆಷಿನ್ನಿನ ಎದುರು ಹೋಗಿ ಕೂತಳು. ಪಾದವನ್ನು ಎತ್ತಿ, ಇನ್ನೂ ಸ್ವಲ್ಪ ಎತ್ತಿ ನೋಡಿದಳು. ಹಲ್ಲು ಇಳಿಸಿ ನೋಡಿದಳು. ಸೂಜಿಯಿಂದ ಕಂಬದ ತನಕ ಗೇಣಿನಿಂದ ಅಳೆದಳು. ಗೇಣು ತುಂಬಿ ಒಂದು ಬೆರಳು ಉಳಿಯಿತು. ಗಂಟು ಸಲೀಸಾಗಿ ದಾಟಿತು. ಕೊನೆಗೆ ಅಂಗಡಿಯ ಯಜಮಾನರನ್ನು ಕೇಳಿದ್ದು ಒಂದೇ ಪ್ರಶ್ನೆ: "ರಿಪೇರಿಗೆ ಮನೆಗೆ ಬರುದು ಯಾರು?" ಹೆಸರು ಕೇಳಿ ಸಮಾಧಾನವಾಯಿತು. ಅದೇ ರೆಕ್ಸಿನ್ ಚೀಲದ ಅಜ್ಜನ ಮಗ.

ಮೆಷಿನ್ನಿನ ಬೆಲೆ ಭಾವನ ಬಜೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಉಳಿದದ್ದರಲ್ಲಿ ವಾಕಿಂಗ್ ಫುಟ್ಟು, ಕೌದಿ ಜಾರದ ಹಾಗೆ ಸಿಕ್ಕಿಸುವ ಒಂದು ಮೇಜಿನ ಹಲಗೆ, 14 ಮತ್ತು 16ರ ಸೂಜಿ, ಒಂದು ಡಜನ್ ಬಾಬಿನ್, ಬಟ್ಟೆಯ ದೊಡ್ಡ ಕತ್ತರಿ. ಅಷ್ಟಾಗಿಯೂ ದುಡ್ಡು ಮಿಕ್ಕಿತು, ಮೂವರೂ ಗಡ್‌ಬಡ್ ತಿಂದೆವು. ಭಾವ ಮಾತ್ರ ಐಸ್‌ಕ್ರೀಮಿನ ಅಡಿಯ ಜೆಲ್ಲಿಗೆ ಮುಟ್ಟುವ ತನಕ ಗೊಣಗುತ್ತಲೇ ಇದ್ದರು: "ಒಂದು ಹೊಲಿಗೆಗೆ ಲೆಕ್ಕ ಹಾಕಿದ್ರೆ ಇದು ತುಂಬಾ ದುಬಾರಿ ಬಿತ್ತು."

ಹಳೆ ಕಾಲಿನ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡಿಗೆ ಗಾಜು ಕೂರಿಸಿ ಟೀಪಾಯಿ ಮಾಡುವಾ, ಈಗ ಹೋಟೆಲುಗಳಲ್ಲೆಲ್ಲ ಅದೇ ಫ್ಯಾಶನ್ನು ಎಂದು ಅವರು ಒಂದು ಸಲ ಬಾಯಿ ಬಿಟ್ಟರು. ಅಕ್ಕ ನೋಡಿದ ನೋಟಕ್ಕೆ ಅರ್ಧದಲ್ಲೇ ಬಾಯಿ ಮುಚ್ಚಿದರು. ಈಗ ಅದು ಹೊಸದರ ಪಕ್ಕದಲ್ಲೇ, ಕಿಟಕಿಯ ಬದಿಯಲ್ಲಿದೆ.

ಹೊಸ ಮೆಷಿನ್ನಿನಿಂದ ಮೊದಲ ಕೌದಿ ತನಗೇ ಎಂದು ಭಾವ ನಂಬಿದ್ದರು. ಕೊಟ್ಟವರಲ್ಲವೇ. ಅಕ್ಕನ ಪಟ್ಟಿ ಬೇರೆ ಇತ್ತು: ಮೊದಲು ಬೆಂಗಳೂರಿನ ಮೊಮ್ಮಗು, ಆಮೇಲೆ ತಂಗಿಯ ಮಗಳ ಬಾಣಂತನ, ಆಮೇಲೆ ದೊಡ್ಡಮ್ಮ, ಆಮೇಲೆ ನೋಡುವಾ. ಆದರೆ ಹೊಸ ಮೆಷಿನ್ನಿನ ಕೈ ನೋಡಲು ಯಾವುದಾದರೂ ದಪ್ಪ ಬಟ್ಟೆ ಬೇಕಲ್ಲ, ಸೀರೆಯನ್ನು ಅದಕ್ಕೆ ಹಾಳು ಮಾಡಲು ಮನಸ್ಸಿಲ್ಲ. ಗೋದ್ರೇಜ್ ಕಪಾಟಿನ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ, ಆ ಕಂದು ಸಫಾರಿ ಸೂಟು ಸಿಕ್ಕಿತು. ಕೌದಿಗೆ ಟೆರಿಕಾಟ್ ಆಗುವುದಿಲ್ಲ, ಬೆವರು ಹೀರುವುದಿಲ್ಲ. ಮಡಚಿ ಆರು ಪದರ ಮಾಡಿ, ಚೌಕ ಚೌಕ ಹೊಲಿದು, ಸುತ್ತ ಪಟ್ಟಿ ಕೊಟ್ಟು, ಬಾತ್‌ರೂಮಿನ ಬಾಗಿಲಿಗೆ ಹಾಕಿದ್ದಾಳೆ. ಹೊಲಿಗೆ ಬಹಳ ನೇರ ಬಿದ್ದಿದೆ. ಎದೆಯ ಜೇಬನ್ನೂ ಬಿಚ್ಚದೆ ಹಾಗೆಯೇ ಬಿಟ್ಟಿದ್ದಾಳೆ. ಭಾವ ಸ್ನಾನ ಮಾಡಿ ಬಂದವರು ಅದನ್ನು ದಾಟಿ, ಒದ್ದೆ ಕಾಲನ್ನು ನೆಲದಲ್ಲೇ ಊರಿಕೊಂಡು ಹೋಗುತ್ತಾರೆ. ಅದಕ್ಕೂ ಬೈಗುಳ ತಿನ್ನುತ್ತಾರೆ.